ಚಾವಡಿಯ ಧ್ವನಿಮುದ್ರಣಕ್ಕೆ ಎಂಥ ಗಣಕ?

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ತೆಂಕುತಿಟ್ಟಿನ ಕಲಾವಿದರಿಗೆ ಮನೆಯಲ್ಲಿ ಉಳಿಯುವ ದಿನಗಳು ಬಂದವೆಂದೇ ಅರ್ಥ. ಮೇ ಕೊನೆಯಿಂದ ನವೆಂಬರ್ ತನಕ ತಿರುಗಾಟವಿಲ್ಲ. ತಾಳಮದ್ದಳೆಗಳು ನಡೆಯುವುದು, ಹಿರಿಯ ಭಾಗವತರು ಶಿಷ್ಯರಿಗೆ ಪಾಠ ಹೇಳುವುದು, ನೆಂಟರ ಮನೆಯ ಚಾವಡಿಯಲ್ಲಿ ಕುಳಿತು ಹಳೆಯ ಪ್ರಸಂಗಗಳ ಮಟ್ಟುಗಳನ್ನು ನೆನಪಿಸಿಕೊಳ್ಳುವುದು, ಎಲ್ಲವೂ ಹೆಚ್ಚಾಗಿ ಈ ತಿಂಗಳುಗಳಲ್ಲಿಯೇ. ಅಂಥ ಹಾಡುಗಾರಿಕೆಯನ್ನು ಮನೆಯಲ್ಲೇ ಧ್ವನಿಮುದ್ರಿಸಿ ಇಟ್ಟುಕೊಳ್ಳಬೇಕೆಂದು ಬಯಸುವವರಿಗೂ ಬೇರೆ ಸಮಯ ಸಿಗುವುದಿಲ್ಲ.

ತೊಂದರೆ ಇರುವುದೂ ಇಲ್ಲಿಯೇ. ಸುಳ್ಯದ ಸುತ್ತಮುತ್ತ ವರ್ಷಕ್ಕೆ ಬೀಳುವ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆಯ ಬಹುಪಾಲು ಸುರಿಯುವುದು ಇದೇ ಅವಧಿಯಲ್ಲಿ. ಮಾಡಿನ ಮೇಲೆ ಮಳೆಯ ಸದ್ದು, ಮರ ಬಿದ್ದು ಕಡಿದುಹೋಗುವ ವಿದ್ಯುತ್ ತಂತಿ, ಆಗಾಗ ಸಿಡಿಲು, ಗೋಡೆಯಿಂದ ಪುಸ್ತಕದವರೆಗೆ ಎಲ್ಲದಕ್ಕೂ ಹತ್ತುವ ಬೂಸರು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕುಳಿತು ಗಿಟಾರ್ ಮುದ್ರಿಸುವವನಿಗೆ ಹೇಳುವ ಸಲಹೆ ಪಯಸ್ವಿನಿಯ ದಡದ ತೋಟದ ಮನೆಗೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ಗಣಕ ಕೊಳ್ಳಹೊರಟವನು ಮೊದಲು ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರೊಸೆಸರಿನ ವೇಗವನ್ನು ಆಮೇಲೆ ವಿಚಾರಿಸಿದರೆ ಸಾಕು.

ಮರಳಿ ಬಾರದ ಕಂಠ

ಸುಳ್ಯ ತಾಲೂಕಿನವರೇ ಆದ ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ ತೀರಿಕೊಂಡರು. ಬಲಿಪ ಶೈಲಿಯ ಹಾಡುಗಾರಿಕೆಯ ಹಿರಿಯರಾಗಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಇವರಂಥ ಪ್ರಸಿದ್ಧರ ಕಂಠ ಕ್ಯಾಸೆಟ್ಟುಗಳಲ್ಲಿ, ಆಕಾಶವಾಣಿಯ ಮುದ್ರಣಗಳಲ್ಲಿ ಒಂದಿಷ್ಟಾದರೂ ಉಳಿದಿದೆ. ಹೆಸರಾಗದ ಹವ್ಯಾಸಿ ಭಾಗವತರು, ನೇಜಿ ನೆಡುವಾಗ ಪಾಡ್ದನ ಹೇಳುತ್ತಿದ್ದ ಅಜ್ಜಿಯಂದಿರು, ಮದುವೆಯ ಚಪ್ಪರದಲ್ಲಿ ಅರೆಭಾಷೆಯ ಶೋಭಾನೆ ಹಾಡುತ್ತಿದ್ದವರು, ಇವರ ಧ್ವನಿಯನ್ನು ಉಳಿಸುವವರು ಮನೆಯವರಲ್ಲದೆ ಬೇರೆ ಯಾರು?

ಭಾರತದಲ್ಲಿ ಗ್ರಾಮಫೋನಿಗಾಗಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ. ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ ಮಾತ್ರ. 1963ರಲ್ಲಿ ಫಿಲಿಪ್ಸ್ ಕಂಪೆನಿ ಹೊರತಂದ ಕ್ಯಾಸೆಟ್ಟು ಆ ಮಿತಿಯನ್ನು ಮುರಿಯಿತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕರಾವಳಿಯ ಎಷ್ಟೋ ಮನೆಗಳಲ್ಲಿ ಆಟ, ತಾಳಮದ್ದಳೆಗಳ ಕ್ಯಾಸೆಟ್ಟುಗಳು ಕಪಾಟು ತುಂಬಿದವು. ಈಗ ಅವುಗಳಲ್ಲಿ ಹಲವಕ್ಕೆ ಬೂಸರು ಹಿಡಿದಿದೆ, ಟೇಪು ಅಂಟಿಕೊಂಡಿದೆ. ಆದ್ದರಿಂದ ಮನೆಯ ಧ್ವನಿಮುದ್ರಣ ವ್ಯವಸ್ಥೆಗೆ ಎರಡು ಕೆಲಸಗಳಿವೆ: ಇರುವವರ ಹಾಡನ್ನು ಹಿಡಿಯುವುದು ಮತ್ತು ಹೋದವರ ಹಾಡನ್ನು ಟೇಪಿನಿಂದ ಬಿಡಿಸಿಕೊಳ್ಳುವುದು. ಎರಡೂ ಒಮ್ಮೆ ತಪ್ಪಿದರೆ ಮತ್ತೆ ಮಾಡಲಾಗದ ಕೆಲಸಗಳು. ಸಾಮಗ್ರಿಯ ಆಯ್ಕೆಯಲ್ಲಿ ಇಷ್ಟು ಎಚ್ಚರ ಬೇಕಾಗಿರುವುದು ಇದೇ ಕಾರಣಕ್ಕೆ.

ಧ್ವನಿ ಅಂಕಿಯಾಗುವ ಬಗೆ

ಶಬ್ದವೆಂದರೆ ಗಾಳಿಯ ಒತ್ತಡದಲ್ಲಾಗುವ ಏರಿಳಿತ. ಮೈಕು ಅದನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಗಣಕಕ್ಕೆ ಅರ್ಥವಾಗುವುದು ಅಂಕಿ ಮಾತ್ರ. ಹಾಗಾಗಿ ಆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡಬೇಕು. ಮನುಷ್ಯನ ಕಿವಿ ಕೇಳಬಲ್ಲ ಅತಿ ಎತ್ತರದ ಸ್ವರದ ಕಂಪನ ಸೆಕೆಂಡಿಗೆ ಸುಮಾರು 20,000. ಅಂಥ ಕಂಪನವನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕೆಂಬುದು ನಿಯಮ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿರುವುದು ಇದೇ ಲೆಕ್ಕದಿಂದ.

ಎಷ್ಟು ಬಾರಿ ಅಳೆಯುತ್ತೇವೆ ಎಂಬುದು ಒಂದಾದರೆ, ಎಷ್ಟು ಸೂಕ್ಷ್ಮವಾಗಿ ಅಳೆಯುತ್ತೇವೆ ಎಂಬುದು ಇನ್ನೊಂದು. ಸಿ.ಡಿ.ಯ ಅಳತೆಕೋಲು 16 ಬಿಟ್‌ನದು. ಅದರಲ್ಲಿ 65,536 ಗೆರೆಗಳು. 24 ಬಿಟ್‌ನ ಕೋಲಿನಲ್ಲಿ ಗೆರೆಗಳ ಸಂಖ್ಯೆ 1,67,77,216. ಯಕ್ಷಗಾನಕ್ಕೆ ಈ ವ್ಯತ್ಯಾಸ ತುಂಬ ಮುಖ್ಯ. ಭಾಗವತರು ಕರುಣ ರಸದ ಪದವನ್ನು ಮೆಲುದನಿಯಲ್ಲಿ ಎತ್ತಿಕೊಂಡ ಮರುಗಳಿಗೆಯಲ್ಲೇ ಚೆಂಡೆಯ ಹೊಡೆತ ಸಿಡಿಯಬಹುದು. ಮಿತಿ ಮೀರಿದ ಹೊಡೆತ ಅಂಕಿಯಲ್ಲಿ ತಲೆ ಕಡಿದಂತೆ ದಾಖಲಾಗುತ್ತದೆ. ಆ ಕರ್ಕಶವನ್ನು ಅನಂತರ ಸಂಪೂರ್ಣವಾಗಿ ಸರಿಪಡಿಸಲಾಗದು. 24 ಬಿಟ್‌ನಲ್ಲಿ ಮುದ್ರಿಸುವಾಗ ಅತಿ ಜೋರಿನ ಹೊಡೆತವೂ ಗರಿಷ್ಠ ಮಿತಿಗಿಂತ 12 ಡೆಸಿಬೆಲ್ ಕೆಳಗೇ ಇರುವಂತೆ ಮಟ್ಟ ಇಟ್ಟುಕೊಂಡರೆ, ನಾಲ್ಕು ಪಟ್ಟು ಹೆಚ್ಚಿನ ಏರಿಳಿತಕ್ಕೂ ಜಾಗ ಉಳಿದಿರುತ್ತದೆ. ಇದಕ್ಕಾಗಿ ಕಳೆದುಕೊಳ್ಳುವುದು ಎರಡೇ ಬಿಟ್. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಹಳೆಯ ಟೇಪುಗಳನ್ನು ಅಂಕೀಕರಿಸುವವರಿಗೆ ಕನಿಷ್ಠ 48,000 ಅಳತೆ, 24 ಬಿಟ್ ಎಂದೇ ಸೂಚಿಸಿದೆ. ಮನೆಗೂ ಅದೇ ಸಾಕು. 96,000, 1,92,000 ಎಂಬ ದೊಡ್ಡ ಸಂಖ್ಯೆಗಳಿಗಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ವೇಗಕ್ಕಿಂತ ಮೌನ ಲೇಸು

ಅಂಗಡಿಯಲ್ಲಿ ಮೊದಲು ಕೇಳಿಬರುವುದು ಪ್ರೊಸೆಸರಿನ ಹೆಸರು, ಮೆಮೊರಿಯ ಗಾತ್ರ. ಧ್ವನಿಮುದ್ರಣಕ್ಕೆ ಇವು ಎಷ್ಟು ಬೇಕು? 1991ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಪ್ರೊ ಟೂಲ್ಸ್ ಎಂಬ ಗಣಕ ವ್ಯವಸ್ಥೆ ಏಕಕಾಲಕ್ಕೆ ನಾಲ್ಕು ಟ್ರ್ಯಾಕುಗಳನ್ನು ನಿಭಾಯಿಸುತ್ತಿತ್ತು; ಬೆಲೆ ಆರು ಸಾವಿರ ಡಾಲರ್. ಭಾಗವತಿಕೆ, ಮದ್ದಳೆ, ಚೆಂಡೆ, ಚಕ್ರತಾಳ ಎಂದು ಲೆಕ್ಕ ಹಾಕಿದರೆ ನಮ್ಮ ಹಿಮ್ಮೇಳಕ್ಕೆ ಬೇಕಾದದ್ದೂ ನಾಲ್ಕೇ ಟ್ರ್ಯಾಕು. ಇಂದಿನ ಸಾಧಾರಣ ಲ್ಯಾಪ್‌ಟಾಪಿಗೂ ಇದು ಭಾರವಲ್ಲ. 8 ಜಿ.ಬಿ. ಮೆಮೊರಿ ಇದ್ದರೆ ಕೆಲಸ ನಡೆಯುತ್ತದೆ, 16 ಜಿ.ಬಿ. ಇದ್ದರೆ ನಿರಾತಂಕ. ಚಲನಚಿತ್ರ ಸಂಗೀತದಂತೆ ನೂರಾರು ಕೃತಕ ವಾದ್ಯಗಳನ್ನು ಗಣಕದಲ್ಲೇ ನುಡಿಸುವವರಿಗೆ ಮಾತ್ರ ಇದಕ್ಕಿಂತ ಹೆಚ್ಚಿನದು ಬೇಕು. ಆಟವಾಡುವವರಿಗಾಗಿ ಮಾಡಿದ ದುಬಾರಿ ಗ್ರಾಫಿಕ್ಸ್ ಕಾರ್ಡಿನಿಂದ ಧ್ವನಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಅದನ್ನು ತಣಿಸಲು ತಿರುಗುವ ಫ್ಯಾನಿನ ಸದ್ದು ಮೈಕಿಗೆ ಬೀಳುವುದೊಂದೇ ಲಾಭ!

ಡೆಸ್ಕ್‌ಟಾಪ್ ಒಳ್ಳೆಯದೇ, ಲ್ಯಾಪ್‌ಟಾಪ್ ಒಳ್ಳೆಯದೇ ಎಂಬ ಪ್ರಶ್ನೆ ಸಹಜ. ಅದೇ ಹಣಕ್ಕೆ ಹೆಚ್ಚು ಸಾಮರ್ಥ್ಯ ಸಿಗುವುದು, ಕೆಟ್ಟ ಭಾಗವನ್ನು ಸುಲಭವಾಗಿ ಬದಲಿಸಬಹುದಾದದ್ದು ಡೆಸ್ಕ್‌ಟಾಪಿನಲ್ಲಿ. ಆದರೂ ಸುಳ್ಯದ ಮನೆಗೆ ಲ್ಯಾಪ್‌ಟಾಪಿನ ಪರವಾಗಿ ಮೂರು ಬಲವಾದ ಕಾರಣಗಳಿವೆ. ಹಾಡಿನ ನಡುವೆ ಕರೆಂಟು ಹೋದರೂ ಅದು ನಿಲ್ಲುವುದಿಲ್ಲ. ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ನಡೆಸಿದರೆ ವಿದ್ಯುತ್ ಜಾಲದಿಂದ ಬರುವ ಗುಂಯ್‌ಗುಟ್ಟುವಿಕೆ ಹೆಚ್ಚಾಗಿ ಮಾಯವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆ ಬಿಟ್ಟು ಬರಲಾಗದ ಹಿರಿಯರ ಬಳಿಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಒಳಗೆ ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ. ಇರುವುದನ್ನೇ ಆರಿಸಬೇಕು, ಅದಕ್ಕೆ ಸದ್ದೂ ಇಲ್ಲ, ಜೀಪಿನ ಕುಲುಕಾಟದ ಭಯವೂ ಕಡಿಮೆ.

ಒಂದು ಎಚ್ಚರಿಕೆ: ಬ್ಯಾಟರಿಯಲ್ಲಿ ನಡೆಯುವಾಗ ಹಲವು ಲ್ಯಾಪ್‌ಟಾಪುಗಳು ವಿದ್ಯುತ್ ಉಳಿಸಲು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆಗ ಮುದ್ರಣದಲ್ಲಿ ಟಪ್ ಟಪ್ ಎಂಬ ಬಿರುಕುಗಳು ಬೀಳಬಹುದು. ಉಳಿತಾಯದ ಈ ವ್ಯವಸ್ಥೆಯನ್ನೂ ಇಂಟರ್ನೆಟ್ಟನ್ನೂ ಮುದ್ರಣದ ಹೊತ್ತಿಗೆ ನಿಲ್ಲಿಸಿಡುವುದು ಕ್ಷೇಮ.

ನಾಲ್ಕು ಬಾಗಿಲಿನ ಪೆಟ್ಟಿಗೆ

ನಿಜವಾದ ಮುದ್ರಣ ನಡೆಯುವುದು ಗಣಕದ ಹೊರಗೆ, ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ. ಮೈಕಿನ ದುರ್ಬಲ ವಿದ್ಯುತ್ತನ್ನು ಹಿಗ್ಗಿಸಿ ಅಂಕಿಯಾಗಿಸುವುದು ಇದರ ಕೆಲಸ. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಸಣ್ಣ ಮೈಕ್ ರಂಧ್ರ ಫೋನಿನ ಮಾತಿಗಾಗಿ ಮಾಡಿದ್ದು. ಸಂಗೀತಕ್ಕೆ ಅದನ್ನು ನೆಚ್ಚಿಕೊಳ್ಳಬಾರದು. ಹಣವನ್ನು ಧಾರಾಳವಾಗಿ ಹಾಕಬೇಕಾದ ಜಾಗ ಯಾವುದೆಂದು ಕೇಳಿದರೆ ಈ ಪೆಟ್ಟಿಗೆಯನ್ನೇ ತೋರಿಸಬೇಕು.

ಎಷ್ಟು ಇನ್‌ಪುಟ್ ಇರಬೇಕು? ಗಮಕ, ಪಾಡ್ದನ, ಶೋಭಾನೆ, ಕೊಳಲು ಅಥವಾ ಪಿಟೀಲಿನ ಅಭ್ಯಾಸ, ಹಳೆಯ ಕ್ಯಾಸೆಟ್ಟುಗಳ ಅಂಕೀಕರಣ ಇಷ್ಟಕ್ಕೆ ಎರಡು ಸಾಕು. ಹಿಮ್ಮೇಳಕ್ಕೆ ಮಾತ್ರ ನಾಲ್ಕು ಬೇಕು. ಸಿನಿಮಾ ಹಾಡಿನಂತೆ ಇವತ್ತು ಕಂಠ, ನಾಳೆ ಚೆಂಡೆ ಎಂದು ಬೇರೆ ಬೇರೆಯಾಗಿ ಮುದ್ರಿಸಲು ಯಕ್ಷಗಾನ ಒಗ್ಗುವುದಿಲ್ಲ. ಭಾಗವತರ ಮುಖ ನೋಡಿ ಮದ್ದಳೆಯವರು ನುಡಿಸುತ್ತಾರೆ. ಮುಕ್ತಾಯ ಎಲ್ಲಿ ಎಂಬುದು ಕಣ್ಣಿನಲ್ಲೇ ಇತ್ಯರ್ಥವಾಗುತ್ತದೆ. ಎಲ್ಲರೂ ಒಟ್ಟಿಗೆ ಕುಳಿತು ಹಾಡಬೇಕು, ಆದರೆ ಪ್ರತಿಯೊಬ್ಬರ ಧ್ವನಿ ಬೇರೆ ಟ್ರ್ಯಾಕಿಗೆ ಹೋಗಬೇಕು. ಚೆಂಡೆ ಜೋರಾಯಿತೆಂದು ಅನಂತರ ಅದನ್ನಷ್ಟೇ ತಗ್ಗಿಸಲು ಆಗ ಸಾಧ್ಯ.

ಯು.ಎಸ್.ಬಿ. ಮೈಕು ನೇರವಾಗಿ ಗಣಕಕ್ಕೆ ಸಿಕ್ಕಿಸಬಹುದಾದ್ದರಿಂದ ಅಗ್ಗವೆಂದು ಕೆಲವರು ಅಂಥ ನಾಲ್ಕನ್ನು ಕೊಳ್ಳುವ ಯೋಚನೆ ಮಾಡುತ್ತಾರೆ. ಪ್ರತಿಯೊಂದು ಯು.ಎಸ್.ಬಿ. ಮೈಕಿನಲ್ಲೂ ತನ್ನದೇ ಗಡಿಯಾರ ಇರುತ್ತದೆ. ನಾಲ್ಕು ಗಡಿಯಾರಗಳು ನಾಲ್ಕು ಹೊತ್ತು ತೋರಿಸಿದಂತೆ, ದೀರ್ಘ ಮುದ್ರಣದಲ್ಲಿ ಟ್ರ್ಯಾಕುಗಳು ಒಂದರಿಂದೊಂದು ಸರಿಯುತ್ತ ಹೋಗುತ್ತವೆ. ತಾಳಪ್ರಧಾನವಾದ ಕಲೆಗೆ ಇದು ದೊಡ್ಡ ಅಪಾಯ. ಒಂದೇ ಪೆಟ್ಟಿಗೆ, ಒಂದೇ ಗಡಿಯಾರ ಇದ್ದರೆ ಈ ತಕರಾರಿಲ್ಲ.

ಇನ್ನೊಂದು ವಿಷಯ ವಿಳಂಬದ್ದು. ಗಣಕವು ಅಳತೆಗಳನ್ನು ಒಂದೊಂದಾಗಿ ಅಲ್ಲ, ಕಂತೆ ಕಟ್ಟಿ ಸ್ವೀಕರಿಸುತ್ತದೆ. ಕಂತೆಯಲ್ಲಿ 256 ಅಳತೆಗಳಿದ್ದರೆ, ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಒಂದು ಕಂತೆ ತುಂಬಲು ಸುಮಾರು 5.3 ಮಿಲಿಸೆಕೆಂಡು ಬೇಕು. ಶಬ್ದ ಅಷ್ಟರಲ್ಲಿ ಸಾಗುವ ದೂರ ಎರಡು ಮೀಟರಿಗಿಂತ ಕಡಿಮೆ. ಕಂತೆ 1,024ರದ್ದಾದರೆ ವಿಳಂಬ 21 ಮಿಲಿಸೆಕೆಂಡು ದಾಟುತ್ತದೆ. ಏಳು ಮೀಟರು ದೂರದಿಂದ ತನ್ನ ಧ್ವನಿಯೇ ಮರಳಿ ಬಂದಂತೆ! ಒಳಹೋಗುವಾಗ ಒಂದು ಕಂತೆ, ಹೊರಬರುವಾಗ ಇನ್ನೊಂದು ಸೇರಿದರೆ ತಡ ಮತ್ತಷ್ಟು ಹೆಚ್ಚುತ್ತದೆ. ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ತಡವಾಗಿ ಕೇಳಿದರೆ ಎಂಥ ಭಾಗವತರಿಗೂ ಲಯ ಕೆಡುತ್ತದೆ. ಮೈಕಿನ ಧ್ವನಿಯನ್ನು ಗಣಕಕ್ಕೆ ಸುತ್ತು ಹಾಕಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಸೌಲಭ್ಯ ಬಹುತೇಕ ಇಂಟರ್‌ಫೇಸುಗಳಲ್ಲಿದೆ. ಕೊಳ್ಳುವಾಗ ಅದು ಇದೆಯೇ ಎಂದು ಕೇಳಬೇಕು.

ಮೈಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಂಡೆನ್ಸರ್ ಮೈಕು ಸೂಕ್ಷ್ಮ. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ವಿದ್ಯುತ್ ಒದಗಬೇಕು. ತೇವಾಂಶ ಅದಕ್ಕೆ ಆಗದು. ಡೈನಮಿಕ್ ಮೈಕು ಗಟ್ಟಿಮುಟ್ಟು. ಚೆಂಡೆಯ ಹೊಡೆತವನ್ನೂ ಆಟಿಯ ತೇವವನ್ನೂ ತಾಳಿಕೊಳ್ಳುತ್ತದೆ. ವಾದ್ಯಗಳಿಗೆ ಡೈನಮಿಕ್, ಮೆಲುಕಂಠದ ಅಜ್ಜಿಯ ಹಾಡಿಗೆ ಕಂಡೆನ್ಸರ್ ಎಂದಿಟ್ಟುಕೊಂಡರೆ ಹೆಚ್ಚಿನ ಸಂದರ್ಭಗಳಿಗೆ ಸರಿಹೋಗುತ್ತದೆ.

ಕರೆಂಟು ಮತ್ತು ಸಿಡಿಲು

ಎರಡು ಇನ್‌ಪುಟ್‌ನ ಇಂಟರ್‌ಫೇಸುಗಳಲ್ಲಿ ಹೆಚ್ಚಿನವು ಯು.ಎಸ್.ಬಿ. ತಂತಿಯಿಂದಲೇ ವಿದ್ಯುತ್ ಪಡೆಯುತ್ತವೆ. ನಾಲ್ಕು ಅಥವಾ ಹೆಚ್ಚಿನ ಇನ್‌ಪುಟ್ ಇರುವ ಕೆಲವಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕು. ಹಾಗಿದ್ದಲ್ಲಿ ಕರೆಂಟು ಹೋದಾಗ ಲ್ಯಾಪ್‌ಟಾಪ್ ಬದುಕಿದ್ದರೂ ಪೆಟ್ಟಿಗೆ ಸಾಯುತ್ತದೆ. ಮುದ್ರಣ ಅಲ್ಲಿಗೇ ಕಡಿಯುತ್ತದೆ. ಪೆಟ್ಟಿಗೆ ಆರಿಸುವಾಗ ಇನ್‌ಪುಟ್‌ಗಳ ಸಂಖ್ಯೆಯಷ್ಟೇ ಮುಖ್ಯವಾಗಿ ಇದನ್ನು ವಿಚಾರಿಸಬೇಕು. ಅಡಾಪ್ಟರ್ ಬೇಕಾದದ್ದೇ ಆದರೆ ಒಂದು ಸಣ್ಣ ಯು.ಪಿ.ಎಸ್. ಜತೆಗಿರಲಿ.

ಈಗ ಹಳ್ಳಿಮನೆಗಳಲ್ಲೂ ಇನ್ವರ್ಟರ್ ಇದೆ. ಅಗ್ಗದ ಇನ್ವರ್ಟರುಗಳು ಕೊಡುವುದು ಚೌಕಾಕಾರದ ತರಂಗ. ಬಲ್ಬು ಉರಿಯಲು, ಫ್ಯಾನು ತಿರುಗಲು ಅದು ಸಾಕು. ಧ್ವನಿಮುದ್ರಣಕ್ಕೆ ಅದರಿಂದ ಗುಂಯ್ ಎಂಬ ಸದ್ದು ನುಸುಳುತ್ತದೆ. ಶುದ್ಧ ಸೈನ್ ತರಂಗದ ಇನ್ವರ್ಟರ್ ಇದ್ದರೆ ಈ ತೊಂದರೆ ಕಡಿಮೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಬಾರಿ ಕಂಪಿಸುತ್ತದೆ. ಅದರ ಗುನುಗು 50, 100, 150ರ ಸ್ವರಗಳಲ್ಲಿ ಕೇಳಿಸುತ್ತದೆ. ಭಾಗವತರ ಶ್ರುತಿಗೆ ಅದು ಹೊಂದಿಕೊಳ್ಳುವುದು ಅಪರೂಪ. ಹಾಗಾಗಿ ಹಾಡಿನ ಉದ್ದಕ್ಕೂ ಯಾರೋ ಅಪಶ್ರುತಿಯಲ್ಲಿ ಗುನುಗಿದಂತಾಗುತ್ತದೆ.

ಸಿಡಿಲಿನ ಮುಂದೆ ಯಾವ ಯು.ಪಿ.ಎಸ್. ಕೂಡ ನಿಲ್ಲಲಾರದು. ಸರ್ಜ್ ಪ್ರೊಟೆಕ್ಟರ್ ಎಂಬ ಸಾಧನ ತಂತಿಯಲ್ಲಿ ಬರುವ ಹೆಚ್ಚುವರಿ ವೋಲ್ಟೇಜನ್ನು ಭೂಮಿಗೆ ಹರಿಸುತ್ತದೆ ಎನ್ನುವುದು ನಿಜ. ಆದರೆ ಮನೆಯ ಅರ್ತಿಂಗ್ ಸರಿಯಾಗಿದ್ದರೆ ಮಾತ್ರ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ಸುಲಭವಾಗಿ ಒಳಬಿಡುವುದಿಲ್ಲ. ಅರ್ತಿಂಗ್ ಗುಂಡಿಗೆ ನೀರು ಹಾಕುವ ಹಳೆಯ ಪದ್ಧತಿಗೆ ಅರ್ಥವಿದೆ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇಯ ಸಂಜೆಗಳಲ್ಲಿ, ಮತ್ತೆ ತುಲಾಮಾಸದ ಮಳೆಯಲ್ಲಿ ಗುಡುಗು ದೂರದಲ್ಲಿ ಕೇಳಿಸಿದೊಡನೆ ಪ್ಲಗ್ ಕಿತ್ತು, ತಾಮ್ರದ ಫೋನ್ ತಂತಿ ಇದ್ದರೆ ಅದನ್ನೂ ಕಳಚಿಡುವುದೇ ಖಚಿತವಾದ ಉಪಾಯ. ಸ್ವಿಚ್ಚು ಆರಿಸಿದರೆ ಸಾಲದು.

ಬೂಸರಿಗೆ ಮದ್ದು ಸಿಲಿಕಾ ಜೆಲ್. ಮೈಕುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಅದರ ಪೊಟ್ಟಣದೊಂದಿಗೆ ಇಡಬೇಕು. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹದವಾದ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆಯನ್ನು ಮಾತ್ರ ಇದಕ್ಕೆ ಉಪಯೋಗಿಸಬಾರದು. ಮಳೆಗಾಲದಲ್ಲಿ ಗಣಕವನ್ನು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ನಡೆಸಿದರೆ ಅದರ ಬಿಸಿಗೆ ಒಳಗಿನ ತೇವ ಹೋಗುತ್ತದೆ.

ಅಟ್ಟದ ಕೆಳಗಿನ ಕೋಣೆ

ಹಣ ಕೊಡದೆ ಸಿಗುವ ಒಂದು ಸಾಧನವನ್ನು ಮರೆಯಬಾರದು, ಅದು ಕೋಣೆ. ತಗಡಿನ ಅಥವಾ ಕಾಂಕ್ರೀಟಿನ ಹೊಸ ಮಾಳಿಗೆಗಿಂತ, ಹಂಚಿನ ಮಾಡು ಮತ್ತು ಮರದ ಅಟ್ಟ ಇರುವ ಹಳೆಯ ಮನೆಯ ಒಳಕೋಣೆ ಮುದ್ರಣಕ್ಕೆ ಅನುಕೂಲ. ತಗಡಿನ ಮೇಲೆ ಬೀಳುವ ಮಳೆ ನಗಾರಿಯಂತೆ ಬಡಿಯುತ್ತದೆ. ಕಾಂಕ್ರೀಟಿನ ಬರಿಗೋಡೆಗಳು ಧ್ವನಿಯನ್ನು ಚೆಂಡಿನಂತೆ ಪುಟಿಸುತ್ತವೆ. ಅಟ್ಟದ ಮೇಲೆ ಅಡಿಕೆಯ ಗೋಣಿಗಳೋ ಬೈಹುಲ್ಲೋ ಇದ್ದರೆ ಮಳೆಯ ಸದ್ದು ಎಷ್ಟೋ ಮಟ್ಟಿಗೆ ಅಲ್ಲೇ ಇಂಗುತ್ತದೆ. ನೆಲಕ್ಕೆ ಚಾಪೆ, ಗೋಡೆಗೆ ಕಂಬಳಿ, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆಗಳು ಸೇರಿದರೆ ಪ್ರತಿಧ್ವನಿಯೂ ತಗ್ಗುತ್ತದೆ.

ಚೆಂಡೆಯವರನ್ನು ಭಾಗವತರಿಂದ ಆದಷ್ಟು ದೂರ, ಆದರೆ ಮುಖ ಕಾಣುವಂತೆ ಕೂರಿಸಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಸ್ವಲ್ಪ ಕಡಿಮೆ ಇಳಿದರೂ ಪ್ರಯೋಜನ ಇದ್ದೇ ಇದೆ. ಒಂದೇ ದಿಕ್ಕಿನ ಧ್ವನಿಯನ್ನು ಹಿಡಿಯುವ ಮೈಕಿನ ಬೆನ್ನನ್ನು ಚೆಂಡೆಯ ಕಡೆಗೆ ತಿರುಗಿಸಿಟ್ಟರೆ ಭಾಗವತಿಕೆಯ ಟ್ರ್ಯಾಕು ಇನ್ನಷ್ಟು ತಿಳಿಯಾಗುತ್ತದೆ.

ಎರಡು ಡಿಸ್ಕು, ಮೂರು ಪ್ರತಿ

ಮುದ್ರಿಸಿದ್ದು ಎಷ್ಟು ಜಾಗ ಹಿಡಿಯುತ್ತದೆ? 48,000 ಅಳತೆ, 24 ಬಿಟ್‌ನ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್. ಗಂಟೆಗೆ ಸುಮಾರು 518 ಎಂ.ಬಿ. ನಾಲ್ಕು ಟ್ರ್ಯಾಕಿಗೆ ಗಂಟೆಗೆ ಎರಡು ಜಿ.ಬಿ.ಯಷ್ಟು. ಎಂಟು ಗಂಟೆಯ ಇಡೀ ರಾತ್ರಿಯ ಆಟವೂ 17 ಜಿ.ಬಿ. ದಾಟದು. ಹಾಗಾಗಿ 512 ಜಿ.ಬಿ.ಯ ಎಸ್.ಎಸ್.ಡಿ. ಕೆಲಸಕ್ಕೆ ಧಾರಾಳ. ವೇವ್ ಎಂಬ ಸಾಮಾನ್ಯ ಕಡತಕ್ಕೆ 4 ಜಿ.ಬಿ.ಯ ಮಿತಿಯಿದೆ. ನಾಲ್ಕು ಟ್ರ್ಯಾಕುಗಳನ್ನೂ ಒಂದೇ ಕಡತದಲ್ಲಿ ತುಂಬಿದರೆ ಎರಡು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಅದು ಭರ್ತಿ. ಬೇರೆ ಬೇರೆ ಕಡತಗಳಾದರೆ ಎಂಟು ಗಂಟೆ ದಾಟಿಯೂ ನಡೆಯುತ್ತದೆ. ತಾಳಮದ್ದಳೆಯ ನಡುವೆ ಮುದ್ರಣ ನಿಂತುಹೋಗುವ ಪ್ರಸಂಗ ಬರಬಾರದೆಂದಿದ್ದರೆ ಇದು ಗೊತ್ತಿರಬೇಕು. ಮೂಲಪ್ರತಿಯನ್ನು ಎಂ.ಪಿ.3ಗೆ ಇಳಿಸಿ ಇಡಬಾರದು; ಅದರಲ್ಲಿ ಕಳೆದ ವಿವರ ಮತ್ತೆ ಬಾರದು. ಹಂಚಲು ಮಾತ್ರ ಅದು ಸರಿ.

ಕಾಪಿಡುವ ಬಗ್ಗೆ ತಿಳಿದವರ ಸೂತ್ರ ಸರಳವಾಗಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಇರುವ ಅಣ್ಣನ ಮನೆಯಲ್ಲಿ ಮತ್ತೊಂದು. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಎಸ್.ಎಸ್.ಡಿ. ತನ್ನಲ್ಲಿರುವುದನ್ನು ಮರೆಯಬಹುದು; ದೀರ್ಘಕಾಲದ ಸಂಗ್ರಹಕ್ಕೆ ಹಾರ್ಡ್ ಡಿಸ್ಕೇ ವಾಸಿ. ಅದನ್ನೂ ಆರು ತಿಂಗಳಿಗೊಮ್ಮೆ ತೆರೆದು ಕೇಳಿ ನೋಡಬೇಕು. ಯಾರು ಹಾಡಿದ್ದು, ಯಾವ ಪ್ರಸಂಗ, ಯಾವ ರಾಗ, ಎಂದು, ಎಲ್ಲಿ ಎಂಬ ವಿವರ ಜತೆಗಿಲ್ಲದ ಮುದ್ರಣ ವಿಳಾಸವಿಲ್ಲದ ಕಾಗದದಂತೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲಿ, 1982ರಲ್ಲಿ ಆರಂಭವಾದ ದಿಲ್ಲಿ ಬಳಿಯ ಗುರುಗ್ರಾಮದ ಸಂಗೀತ ಸಂಗ್ರಹಾಲಯದಲ್ಲಿ ಮುದ್ರಣದಷ್ಟೇ ಅದರ ವಿವರಕ್ಕೂ ಬೆಲೆ.

ಹಣ ಹಂಚುವ ಕ್ರಮ

ಇಷ್ಟೆಲ್ಲ ನೋಡಿದ ಮೇಲೆ ಲೆಕ್ಕ ಸುಲಭ. ಸಾಧಾರಣ ಲ್ಯಾಪ್‌ಟಾಪ್ ಮನೆಯಲ್ಲಿ ಈಗಾಗಲೇ ಇದ್ದರೆ ಹೊಸದು ಬೇಡ; ಎಸ್.ಎಸ್.ಡಿ. ಹಾಕಿಸಿ, ಸಾಧ್ಯವಾದರೆ ಮೆಮೊರಿ ಹೆಚ್ಚಿಸಿದರೆ ಸಾಕು. ಉಳಿದ ಹಣದಲ್ಲಿ ಮೊದಲ ಪಾಲು ಇಂಟರ್‌ಫೇಸಿಗೆ, ಎರಡನೆಯದು ಮೈಕುಗಳಿಗೆ, ಮೂರನೆಯದು ಎರಡು ಹಾರ್ಡ್ ಡಿಸ್ಕುಗಳಿಗೆ. ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್, ಗಟ್ಟಿಯಾದ ಸ್ಟ್ಯಾಂಡುಗಳು, ಒಳ್ಳೆಯ ತಂತಿಗಳು ಆಮೇಲೆ. ತಂತ್ರಾಂಶಕ್ಕೆ ಆರಂಭದಲ್ಲಿ ಖರ್ಚು ಮಾಡಬೇಕಾಗಿಲ್ಲ. 2000ದಲ್ಲಿ ಮೊದಲು ಬಿಡುಗಡೆಯಾದ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಕ್ಯಾಸೆಟ್ಟುಗಳ ಅಂಕೀಕರಣಕ್ಕೂ ಸರಳ ಮುದ್ರಣಕ್ಕೂ ತಕ್ಕದ್ದು. ಮನೆ ಮನೆಗೆ ಹೋಗಿ ಮುದ್ರಿಸುವುದೇ ಮುಖ್ಯ ಉದ್ದೇಶವಾದರೆ ಬ್ಯಾಟರಿಯಿಂದ ನಡೆಯುವ ಕೈಗಾತ್ರದ ರೆಕಾರ್ಡರ್ ಕೊಳ್ಳಬಹುದು. ಅವುಗಳಲ್ಲಿ ಕೆಲವು ಮನೆಗೆ ಬಂದ ಮೇಲೆ ಗಣಕಕ್ಕೆ ಇಂಟರ್‌ಫೇಸಿನಂತೆಯೂ ಕೆಲಸ ಮಾಡುತ್ತವೆ.

ಮುಂದಿನ ವರ್ಷ ಇದಕ್ಕಿಂತ ವೇಗದ ಗಣಕ ಇದಕ್ಕಿಂತ ಅಗ್ಗಕ್ಕೆ ಬರುವುದು ನಿಶ್ಚಯ. ಅದಕ್ಕಾಗಿ ಕಾಯುವವರಿಗೆ ಗಣಕ ಸಿಕ್ಕೀತು. ಆದರೆ ಎಂಬತ್ತು ದಾಟಿದ ಅಜ್ಜಿಯ ಕಂಠ ಇನ್ನೊಂದು ಆಟಿಯವರೆಗೆ ಇದೇ ಶ್ರುತಿಯಲ್ಲಿ ನಿಲ್ಲುತ್ತದೆಂದು ಹೇಳುವವರು ಯಾರು? ಈ ಮಳೆಗಾಲಕ್ಕೆ ಎರಡು ಇನ್‌ಪುಟ್‌ನ ಪೆಟ್ಟಿಗೆ, ಒಂದು ಮೈಕು, ಇರುವ ಲ್ಯಾಪ್‌ಟಾಪು, ಎರಡು ಹಾರ್ಡ್ ಡಿಸ್ಕು ಇಷ್ಟರಲ್ಲೇ ಕೆಲಸ ತೊಡಗುವುದು ಜಾಣತನ.